ಅಕ್ಕನ ಮನೆಯ ಗುರುತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಆದರೆ ಎಲ್ಲಿ ತಪ್ಪಿದೆ ಅನ್ನುವುದು ಇವತ್ತಿಗೂ ಪೂರ್ತಿಯಾಗಿ ನನ್ನ ತಲೆಗೆ ಹತ್ತಿಲ್ಲ. ಪ್ರಿಂಟರ್ ಕೂರಿಸಿಕೊಟ್ಟ ಹುಡುಗ ಇಮ್ತಿಯಾಜ್ ಫೋನಿನಲ್ಲಿ ಮೂರು ಸಲ ಬಿಡಿಸಿ ಹೇಳಿದ, ಮೂರು ಸಲವೂ ಹೂಂ ಹೂಂ ಅಂದೆ. ಊರಿನವರು ಈಗಲೂ ನಮ್ಮ ಪ್ರೆಸ್ಸಿನ ಮುಂದೆ ಹಾದುಹೋಗುವಾಗ ಕತ್ತು ಬಾಗಿಸಿ ಒಳಗೆ ನೋಡಿ, "ಏನ್ ಕಮಲಮ್ಮ, ಇವತ್ತು ಯಾರ ಮನೆಗೆ ಹೋಗೋದು?" ಅಂತ ಕೇಳಿ ನಗುತ್ತಾರೆ. ನಗಲಿ. ಆ ದಿನ ಯಾರೂ ನಗುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಇನ್ನೂರ ಹನ್ನೆರಡು ಮನೆ. ಪ್ರತಿ ಮನೆಯ ಬಾಗಿಲ ಮೇಲೂ ಒಂದು ಗುರುತಿನ ಹಾಳೆ. ಹಾಳೆಯ ಮುಖ ಗೋಡೆಗೆ, ಬೆನ್ನು ಬೀದಿಗೆ. ಹಾಗೆ ಅಂಟಿಸಿದರೆ ಜನರ ಕಾಲು ಆ ಮನೆಗೆ ಹೋಗುತ್ತದೆ, ಕಣ್ಣಿಗೂ ಅದು ಆ ಗುರುತಿನ ಮನೆಯಾಗಿಯೇ ಕಾಣುತ್ತದೆ, ಅಂಟಿಸದಿದ್ದರೆ ಹೋಗುವುದಿಲ್ಲ. ಬೀದಿ ಗೊತ್ತಿರಬಹುದು, ಎದುರುಮನೆ ಗೊತ್ತಿರಬಹುದು, ಅದೇ ಮನೆಯಲ್ಲಿ ಹುಟ್ಟಿ ಬೆಳೆದಿರಬಹುದು, ಆದರೂ ಮುಂದಿನ ತಿರುವಿಗೆ ಹೋಗಿ ಬೆಪ್ಪಾಗಿ ನಿಂತಿರುತ್ತೇವೆ. ಒಂದು ವರ್ಷಕ್ಕೆ ಹಾಳೆಯ ಮಸಿಯನ್ನೆಲ್ಲ ಗೋಡೆ ಹೀರಿಕೊಳ್ಳುತ್ತದೆ. ಆ ಕೊನೆಯ ವಾರ ಊರೆಲ್ಲ ಸ್ವಲ್ಪ ದಾರಿ ತಪ್ಪುವುದು ಇದ್ದದ್ದೇ. ಹಾಲಿನವನು ಬೀದಿಯ ತುದಿಯಲ್ಲೇ ನಿಂತು ಗಂಟೆ ಬಾರಿಸುತ್ತಾನೆ, ಹೆಂಗಸರು ಪಾತ್ರೆ ಹಿಡಿದು ತಾವೇ ಬರುತ್ತಾರೆ. ನೆಂಟರನ್ನು ಆ ವಾರ ಯಾರೂ ಕರೆಯುವುದಿಲ್ಲ. ಬೇಡದ ನೆಂಟರನ್ನು ಮಾತ್ರ ಹುಡುಕಿ ಹುಡುಕಿ ಆ ವಾರವೇ ಕರೆಯುತ್ತಾರೆ. ಆಮೇಲೆ ಗುರುತಿನ ಹುಣ್ಣಿಮೆ. ಅಂದು ಬೆಳಿಗ್ಗೆ ನೀರು ಚಿಮುಕಿಸಿ ಹಳೆಯ ಹಾಳೆ ಕೆರೆದು, ಮಧ್ಯಾಹ್ನದೊಳಗೆ ಹೊಸದನ್ನು ಅಂಟಿಸಬೇಕು. ಅಂಟಿಸಿದ ಮೇಲೆ ಮಾರನೆಯ ದಿನ ಬೆಳಗಾಗುವ ತನಕ ಅದನ್ನು ಮುಟ್ಟುವಂತಿಲ್ಲ.

ಆ ಹಾಳೆಗಳನ್ನು ಅಚ್ಚು ಹಾಕುವುದು ಅಪ್ಪನ ಕಾಲದಿಂದಲೂ ನಮ್ಮ ಪ್ರೆಸ್ಸೇ. ಅಚ್ಚು ಹಾಕುತ್ತೇವೆ ಅಷ್ಟೇ, ನೋಡುವುದಿಲ್ಲ. ನೋಡಿದರೆ ಆ ಮನೆ ಕಾಲಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ಮೆಷಿನ್ನಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಎಳೆಯುವಾಗ ಅಪ್ಪ ದರ್ಜಿ ಮುನಿಯಪ್ಪನ ಗುರುತನ್ನು ನೋಡಿಬಿಟ್ಟಿದ್ದರು. ನಾಲ್ಕು ತಿಂಗಳು ಎಲ್ಲಿಗೆ ಹೊರಟರೂ ಮುನಿಯಪ್ಪನ ಮನೆಗೇ ಹೋಗಿ ನಿಲ್ಲುತ್ತಿದ್ದರು. ಕೊನೆಕೊನೆಗೆ ಮುನಿಯಪ್ಪನ ಹೆಂಡತಿ ಅವರಿಗೆಂದೇ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುತ್ತಿದ್ದಳಂತೆ. ಹಾಗಾಗಿ ನಮ್ಮಲ್ಲಿ ಹಾಳೆ ಬೆನ್ನು ಮೇಲಾಗಿ ಹೊರಗೆ ಬರುತ್ತದೆ. ಹಾಗೆಯೇ ಸುರುಳಿ ಸುತ್ತಿ, ದಾರ ಕಟ್ಟಿ, ಮನೆಯ ನಂಬರಿನ ಚೀಟಿ ಸಿಕ್ಕಿಸಿ ಕೊಡುತ್ತೇನೆ. ಅಂಟಿಸುವವರೂ ಕಣ್ಣು ಮುಚ್ಚಿಯೇ ಅಂಟಿಸುತ್ತಾರೆ.

ಇನ್ನೂರ ಹನ್ನೆರಡನೆಯ ಮನೆ ನಮ್ಮ ಅಕ್ಕ ವನಜಾಕ್ಷಿಯದು. ಕೊನೆಯ ಬೀದಿಯ ಕೊನೆಯ ಮನೆ. ಎಂಟು ವರ್ಷದ ಹಿಂದೆ ಹುಣ್ಣಿಮೆಯ ದಿನವೇ ಅಪ್ಪ ಹೋದರು. ಆ ವಾರವೆಲ್ಲ ಅವರ ಹಾಸಿಗೆಗೂ ಮೆಷಿನ್ನಿಗೂ ಮಧ್ಯೆ ಓಡಾಡಿ ನನಗೆ ಹಗಲು ರಾತ್ರಿ ಗೊತ್ತಾಗುತ್ತಿರಲಿಲ್ಲ. ಇನ್ನೂರ ಹನ್ನೊಂದು ಸುರುಳಿ ಹೋಗಿದ್ದವು, ಅಕ್ಕನದೊಂದು ಮಾತ್ರ ದಾರ ಕಟ್ಟದೆ ಪ್ರೆಸ್ಸಿನಲ್ಲೇ ಉಳಿದಿತ್ತು. ಸುದ್ದಿ ಮುಟ್ಟಿಸಲು ಹೋದ ಇಬ್ಬರೂ ಸಾಯಂಕಾಲದ ತನಕ ಕೊನೆಯ ಬೀದಿಯಲ್ಲಿ ಸುತ್ತಿ ಸುತ್ತಿ ವಾಪಸ್ಸು ಬಂದರು. ಮಾರನೆಯ ದಿನ ಹಾಲಿಗೆ ಬಂದಾಗ ಅಕ್ಕನಿಗೆ ಗೊತ್ತಾಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ಅಪ್ಪನ ಮುಖ ಅವಳಿಗೆ ಸಿಗಲಿಲ್ಲ. ಪ್ರೆಸ್ಸಿನ ಮೆಟ್ಟಿಲ ಮೇಲೆ ನಿಂತು, "ಬೇಕಂತಲೇ ಮಾಡ್ದೆ" ಅಂದಳು. ನಾನಾದರೂ ಸುಮ್ಮನಿರಬಾರದಿತ್ತೇ? "ಅಪ್ಪನ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ ಕರೆಯೋ ತನಕ ಕಾಯ್ತಿದ್ಯಾ?" ಅಂದುಬಿಟ್ಟೆ. ಅಷ್ಟೇ, ಅಲ್ಲಿಗೆ ಮಾತು ನಿಂತಿತು.

ಆವತ್ತಿನಿಂದ ಅಕ್ಕ ನಮ್ಮ ಪ್ರೆಸ್ಸಿನ ಗುರುತು ಮುಟ್ಟಲಿಲ್ಲ. ಅದರ ಬದಲು ತೆಂಗಿನ ನಾರಿನ ಹಗ್ಗ ತಂದು, ಒಂದು ತುದಿಯನ್ನು ತನ್ನ ಮನೆಯ ಕಿಟಕಿ ಸರಳಿಗೂ ಇನ್ನೊಂದನ್ನು ನಾಲ್ಕು ಬೀದಿ ದಾಟಿಸಿ ನಮ್ಮ ಪ್ರೆಸ್ಸಿನ ಎದುರಿನ ದೀಪದ ಕಂಬಕ್ಕೂ ಕಟ್ಟಿದಳು. ಹಗ್ಗ ಹಿಡಿದುಕೊಂಡು ಪೇಟೆಗೆ ಬರುವುದು, ಹಗ್ಗ ಹಿಡಿದುಕೊಂಡು ಮನೆಗೆ ಹೋಗುವುದು. ಮೊದಮೊದಲು ಜನ ಎಡವಿ ಬಿದ್ದು ಬಯ್ದರು. ಆಮೇಲೆ ತಾವೇ ಗಳು ನೆಟ್ಟು ಹಗ್ಗವನ್ನು ಎತ್ತರಿಸಿಕೊಂಡರು. ಎರಡನೇ ಬೀದಿಯ ಹೆಂಗಸರು ಅದರ ಮೇಲೆ ಬಟ್ಟೆ ಒಣಗಿಸಲು ಶುರುಮಾಡಿದರು. ಆ ಹಗ್ಗ ಹಿಡಿದರೆ ಯಾರು ಬೇಕಾದರೂ ಅಕ್ಕನ ಮನೆಗೆ ಹೋಗಬಹುದಿತ್ತು. ನಾನೂ ಹೋಗಬಹುದಿತ್ತು. ದಿನಾ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಪೇಟೆಯ ಮಧ್ಯದಲ್ಲಿ, ಎಲ್ಲರೂ ನೋಡುತ್ತಿರುವಾಗ, ಅದಕ್ಕೆ ಕೈ ಹಾಕುವುದು ನನ್ನಿಂದ ಆಗಲಿಲ್ಲ. ಅವಳ ಮಗಳು ಮಂದಾಕಿನಿಯ ಮದುವೆ ಕಾರ್ಡು ನನಗೆ ಅಂಚೆಯಲ್ಲಿ ಬಂತು, ಬೇರೆ ಊರಿನ ಪ್ರೆಸ್ಸಿನಲ್ಲಿ ಮಾಡಿಸಿದ್ದು. ನನಗೆ ಎಷ್ಟು ಉರಿಯಿತು ಅಂದರೆ ಮದುವೆಗೆ ಹೋಗಲೇ ಇಲ್ಲ.

ಈ ವರ್ಷ ಹುಣ್ಣಿಮೆಗೆ ಹತ್ತು ದಿನ ಇರುವಾಗ ಅಕ್ಕ ಪ್ರೆಸ್ಸಿಗೆ ಬಂದಳು. ಒಳಗೆ ಗುರುಪಾದಪ್ಪ ಮೇಷ್ಟ್ರು ಪೇಪರ್ ಓದುತ್ತ ಕೂತಿದ್ದರು. ರಿಟೈರಾದ ಮೇಲೆ ಅವರಿಗೆ ಅದೇ ಕೆಲಸ. ಅಕ್ಕ ಹೊಸಿಲ ಆಚೆಯೇ ನಿಂತಳು. ಮಂಡಿ ಊದಿಕೊಂಡಿದ್ದು ಸೀರೆಯ ಮೇಲಿಂದಲೇ ಕಾಣುತ್ತಿತ್ತು.

"ಮೇಷ್ಟ್ರೇ, ನಮ್ಮ ಮಂದಾಗೆ ಏಳು ತಿಂಗಳು. ಹುಣ್ಣಿಮೆ ದಿನ ಐದು ಗಂಟೆ ಬಸ್ಸಿಗೆ ಬರ್ತಾಳೆ, ಬಾಣಂತನಕ್ಕೆ. ಬಸುರಿ ಹೆಂಗಸು ಹಗ್ಗ ಮುಟ್ಟೋ ಹಾಗಿಲ್ಲ, ದಾಟೋ ಹಾಗಿಲ್ಲ. ನಾಳೆ ನೋವು ಕಾಣಿಸ್ಕೊಂಡ್ರೆ ನರ್ಸಮ್ಮ ಮನೆ ಹುಡ್ಕೊಂಡು ಬರ್ಬೇಕಲ್ಲ? ಅದಕ್ಕೆ ಈ ವರ್ಷ ನಮ್ಮನೇದೂ ಒಂದು ಅಚ್ಚು ಹಾಕಕ್ಕೆ ಆಗತ್ತಾ ಅಂತ ಈ ಪ್ರೆಸ್ಸಿನವರನ್ನ ಸ್ವಲ್ಪ ಕೇಳಿ."

"ಮೇಷ್ಟ್ರೇ, ಇದು ಪ್ರೆಸ್ಸು. ಅಚ್ಚು ಹಾಕೋದೇ ಇಲ್ಲಿ ಕೆಲಸ ಅಂತ ಹೇಳಿ ಅವರಿಗೆ" ಅಂದೆ.

"ಇಬ್ಬರಿಗೂ ಚೆನ್ನಾಗಿ ಕೇಳಿಸ್ತಿದೆಯಲ್ಲಮ್ಮ, ನನ್ನನ್ಯಾಕೆ ಮಧ್ಯ ಎಳೀತೀರಿ?" ಅಂದರು ಮೇಷ್ಟ್ರು. ನಾವಿಬ್ಬರೂ ಅವರ ಮಾತಿಗೆ ಕಿವಿಗೊಡಲಿಲ್ಲ.

"ಹೋದ ಸಲದ ಹಾಗೆ ಆಗಬಾರದು ಅಂತ ಹೇಳಿ ಮೇಷ್ಟ್ರೇ" ಅಂದವಳೇ ಅಕ್ಕ ಹಗ್ಗ ಹಿಡಿದು ಹೊರಟಳು. ಹೋಗುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಆ ಮಾತು ನನ್ನ ಎದೆಯಲ್ಲೇ ಉಳಿಯಿತು. ಈ ಸಲ ಅವಳ ಗುರುತು ತಪ್ಪಿದರೆ ಜನ್ಮದಲ್ಲಿ ಇನ್ನು ಮಾತಿಲ್ಲ ಅನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಗ್ರಹಚಾರ ನೋಡಿ, ಮೂರನೇ ದಿನಕ್ಕೆ ಹಳೆಯ ಮೆಷಿನ್ನು ಸತ್ತಿತು. ಇಮ್ತಿಯಾಜ್ ನಾಲ್ಕೈದು ದಿನ ಕಾಯಿಸಿ ದೂರದ ಊರಿನಿಂದ ಹೊಸ ಪ್ರಿಂಟರ್ ತಂದು ಕೂರಿಸಿಕೊಟ್ಟ. ಕೂರಿಸಿ ಆದ ಮೇಲೆ ತಲೆ ಕೆರೆದುಕೊಂಡು, "ಅಮ್ಮಾ, ನಿಮ್ಮ ಫೈಲೆಲ್ಲ ಈಪಿಎಸ್ಸು, ಹಳೇ ಜಾತಿ. ಇದು ಪಿಡಿಎಫ್ ಮಾತ್ರ ತಿನ್ನೋದು" ಅಂದ. ಅಪ್ಪ ಮರದ ಅಚ್ಚುಗಳನ್ನು ಕಣ್ಣು ಮುಚ್ಚಿ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿ, ಒಂದರಿಂದ ಇನ್ನೂರ ಹನ್ನೆರಡರ ತನಕ ನಂಬರ್ ಹಾಕಿ ಇಟ್ಟಿದ್ದ ಫೈಲುಗಳು ಅವು. ತಿನ್ನುವುದಿಲ್ಲ ಅಂದರೆ ಏನು ಮಾಡುವುದು? ಎಲ್ಲವನ್ನೂ ಜಾತಿ ಬದಲಾಯಿಸಬೇಕಂತೆ. ಅದಕ್ಕೊಂದು ಟೂಲನ್ನು ಹಾಕಿಕೊಟ್ಟು, ಮಿಕ್ಕಿದ್ದನ್ನು ಫೋನಿನಲ್ಲಿ ಹೇಳುತ್ತೇನೆ ಅಂತ ಬಸ್ಸು ಹತ್ತಿದ.

ಟೂಲು ಅಂದರೆ ನಾನು ಏನೋ ಗುಂಡಿಗಳಿರುತ್ತವೆ ಅಂದುಕೊಂಡಿದ್ದೆ. ತೆರೆದರೆ ಒಂದು ಕರಿ ಕಿಟಕಿ. ಅದರ ಮೂಲೆಯಲ್ಲಿ ಒಂದು ಬಿಳಿ ಗೀಟು ಮಿಣುಕುತ್ತ ನಿಂತಿದೆ. ಮುಟ್ಟಲು ಏನೂ ಇಲ್ಲ, ಒತ್ತಲು ಏನೂ ಇಲ್ಲ. ನಾವೇ ಅದಕ್ಕೆ ಒಂದು ಸಾಲು ಬರೆದು ಎಂಟರ್ ಒತ್ತಬೇಕು. ಸರಿಯಾಗಿದ್ದರೆ ಒಂದು ಮಾತೂ ಆಡುವುದಿಲ್ಲ, ತಪ್ಪಿದ್ದರೆ ಮಾತ್ರ ಇಂಗ್ಲಿಷಿನಲ್ಲಿ ಹತ್ತು ಸಾಲು ಬಯ್ಯುತ್ತದೆ. ನಮ್ಮಪ್ಪನೂ ಥೇಟ್ ಹೀಗೆಯೇ ಇದ್ದರು.

"ಮೊದಲು ಟೂಲಿನ ಹೆಸರು ಬರೀರಿ. ಒಂದು ಜಾಗ ಬಿಡಿ. ಅಡ್ಡಗೆರೆ. ಅಡ್ಡಗೆರೆ ಆದ್ಮೇಲೆ ಜಾಗ ಬಿಡ್ಬೇಡಿ" ಅಂತ ಇಮ್ತಿಯಾಜ್ ಹೇಳುತ್ತ ಹೋದ.

"ಬಿಟ್ರೆ ಏನಾಗತ್ತೆ?"

"ಬೇರೆ ಮಾತು ಅಂದ್ಕೊಳ್ಳತ್ತೆ ಅಮ್ಮಾ. ಈಗ ಹೊರಗೆ ಬರೋ ಫೈಲಿನ ಹೆಸರು ಬರೀರಿ. ಆಮೇಲೆ ಒಳಗೆ ಹೋಗೋ ಫೈಲಿನ ಹೆಸರು."

"ಒಳಗೆ ಹೋಗೋದನ್ನ ಮೊದಲು ಹೇಳ್ಬೇಕಲ್ವೇನಪ್ಪಾ? ಹೋಗದೆ ಹೊರಗೆ ಬರೋದು ಹೇಗೆ?"

"ಅದು ಹಾಗೇ ಅಮ್ಮಾ."

"ಹೊರಗೆ ಬರೋದಕ್ಕೆ ಏನಂತ ಹೆಸರಿಡ್ಲಿ?"

"ಈಗ ಒಂದೇ ತಾನೇ ನೋಡ್ತಿರೋದು, ಏನಾದ್ರೂ ಇಡಿ."

"ಗುರುತು ಅಂತ ಇಡ್ತೀನಿ" ಅಂದೆ. ಇಟ್ಟೆ. ಒಂದನೇ ನಂಬರಿನ ಮನೆಯ ಫೈಲು ಒಳಗೆ ಹೋಯಿತು, ಗುರುತು ಅನ್ನುವ ಪಿಡಿಎಫ್ ಹೊರಗೆ ಬಂತು. ಅಚ್ಚು ಹಾಕಿ ಹಾಳೆಯ ಬೆನ್ನನ್ನು ಬೆಳಕಿಗೆ ಹಿಡಿದೆ. ಹಾಗೆ ಹಿಡಿದರೆ ಚಿತ್ರ ತಿಳಿಯುವುದಿಲ್ಲ, ಮಸಿ ಬಿದ್ದಿದೆಯೋ ಇಲ್ಲವೋ ಅಷ್ಟು ನೆರಳಾಗಿ ಕಾಣುತ್ತದೆ. ನೆರಳೇ ಇಲ್ಲ, ಬರೀ ಬಿಳಿ.

"ಚಿತ್ರ ಹಾಳೆಯಿಂದ ಆಚೆ ಇದೆ ಅನ್ಸತ್ತೆ ಅಮ್ಮಾ" ಅಂದ ಇಮ್ತಿಯಾಜ್. ಹಾಳೆಯಿಂದ ಆಚೆ ಇರುವುದು ಚಿತ್ರ ಹೇಗಾಗುತ್ತದೆ, ಅದು ಎಲ್ಲಿ ನಿಂತಿರುತ್ತದೆ, ಇವನು ಅದನ್ನು ಅಲ್ಲಿಂದ ಹೇಗೆ ಕಂಡ, ಒಂದೂ ತಿಳಿಯಲಿಲ್ಲ. ಹಾಳೆಯನ್ನು ಚಿತ್ರ ಇರುವ ಕಡೆಗೇ ಕತ್ತರಿಸು ಅನ್ನುವ ಇನ್ನೊಂದು ಮಾತನ್ನು ಅಡ್ಡಗೆರೆಯ ಜೊತೆ ಸೇರಿಸಲು ಹೇಳಿದ. ಸೇರಿಸಿದೆ. ಈ ಸಲ ಹಾಳೆಯ ಬೆನ್ನಲ್ಲಿ ಕಪ್ಪು ನೆರಳು ಮೂಡಿತು. ನನ್ನ ಕಣ್ಣಲ್ಲಿ ನೀರು ಬಂತು.

"ಇನ್ನೂರ ಹನ್ನೆರಡು ಸಲ ಇದನ್ನೇ ಬರೀಬೇಕೇನೋ?" ಅಂತ ಕೇಳಿದೆ. ಹುಣ್ಣಿಮೆಗೆ ಉಳಿದದ್ದು ಎರಡೇ ದಿನ.

"ಬೇಡ ಅಮ್ಮಾ, ಎಲ್ಲಾನೂ ಒಂದೇ ಸಾಲಲ್ಲಿ ಮಾಡಿಸ್ಬಹುದು" ಅಂದು ಉದ್ದದ ಒಂದು ಸಾಲು ಹೇಳಿದ. ಅಕ್ಷರ ಅಕ್ಷರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಹೊರಗಿನ ಹೆಸರಿನ ಜಾಗದಲ್ಲಿ ಮಾತ್ರ ಹುಷಾರು ಅಮ್ಮಾ, ಅದರದ್ದು ಅದಕ್ಕೆ..." ಅನ್ನುವಷ್ಟರಲ್ಲಿ ಅವನ ಬಸ್ಸು ಹಾರನ್ ಹೊಡೆಯಿತು, ಫೋನು ಕಡಿದುಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಹುಷಾರು ಅಂದನಲ್ಲ, ಹೊಸದೇನೂ ಬೇಡ, ಒಂದು ಸಲ ಸರಿಹೋದದ್ದನ್ನೇ ಹಾಕೋಣ ಅಂತ ಆ ಜಾಗದಲ್ಲಿ ಗುರುತು ಅಂತಲೇ ಬರೆದೆ. ಎಲ್ಲವೂ ಗುರುತೇ ತಾನೇ?

ಎಂಟರ್ ಒತ್ತಿದೆ. ಕಿಟಕಿಯಲ್ಲಿ ನಂಬರುಗಳು ಒಂದರ ಹಿಂದೆ ಒಂದು ಓಡಿದವು. ಇನ್ನೂರ ಹತ್ತು, ಇನ್ನೂರ ಹನ್ನೊಂದು, ಇನ್ನೂರ ಹನ್ನೆರಡು. ಅಕ್ಕನ ಮನೆಯ ನಂಬರಿಗೆ ಬಂದಾಗ ಕೈ ಮುಗಿದೆ. ಒಂದು ಬಯ್ಗುಳವೂ ಬರಲಿಲ್ಲ. ಹುಡುಕಿದರೆ ಹೊರಗೆ ಬಂದಿದ್ದ ಫೈಲು ಒಂದೇ. ಪರವಾಗಿಲ್ಲವೇ, ಇನ್ನೂರ ಹನ್ನೆರಡನ್ನೂ ಪುಸ್ತಕದ ಹಾಗೆ ಒಂದರಲ್ಲೇ ಹೊಲಿದುಕೊಟ್ಟಿದೆ ಅಂತ ನನಗೆ ಖುಷಿಯಾಯಿತು. ಪ್ರಿಂಟರ್ ಎಷ್ಟು ಅಂತ ಕೇಳಿತು. ಇನ್ನೂರ ಹನ್ನೆರಡು ಅಂದೆ. ಬೆನ್ನು ಮೇಲಾಗಿ ಹಾಳೆಗಳು ಬಂದವು. ಒಂದೊಂದನ್ನೂ ಬೆಳಕಿಗೆ ಹಿಡಿದು ಮಸಿ ಬಿದ್ದಿದೆ ಅಂತ ಖಾತ್ರಿ ಮಾಡಿಕೊಂಡು ಸುರುಳಿ ಸುತ್ತಿದೆ. ನನ್ನಷ್ಟು ಹುಷಾರಿ ಯಾರಿದ್ದಾರೆ ಅಂದುಕೊಂಡೆ. ನನ್ನ ಮೂತಿಗೆ.

ಹುಣ್ಣಿಮೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಟ್ಟಿದ್ದು ಅಕ್ಕನ ಸುರುಳಿಯನ್ನು. ಮೇಷ್ಟ್ರ ಕೈಲಿ ಕೊಟ್ಟು ಕ್ಷೇಮವಾಗಿ ತಲುಪಿಸಿ ಬನ್ನಿ ಅಂತ ಬೇಡಿಕೊಂಡೆ. ಅವರು ಹಗ್ಗ ಹಿಡಿದು ಹೋಗಿ, ಅಕ್ಕ ಸ್ಟೂಲ್ ಹತ್ತಿ ಅಂಟಿಸುವ ತನಕ ನಿಂತಿದ್ದು ಬಂದರು. "ಅಂಟಿಸಿದ್ರು ಕಣಮ್ಮ. ಈಗ ಹಗ್ಗ ಇಲ್ಲದೇನೂ ಹೋಗ್ಬಹುದು" ಅಂದಾಗ ಎಂಟು ವರ್ಷದ ಭಾರ ಇಳಿದ ಹಾಗಾಯಿತು. ಒಂದು ಗಂಟೆಯೊಳಗೆ ಎಲ್ಲ ಸುರುಳಿಗಳೂ ಹೋದವು. ನನ್ನ ಮನೆಯದನ್ನೂ ಓಡಿಹೋಗಿ ಅಂಟಿಸಿ ಬಂದೆ.

ಎರಡು ಗಂಟೆಗೆ ಮೇಷ್ಟ್ರು ಊಟಕ್ಕೆ ಹೋದವರು ಹತ್ತೇ ನಿಮಿಷಕ್ಕೆ ವಾಪಸ್ಸು ಬಂದರು. ಮುಖ ಬೆವೆತಿತ್ತು.

"ಕಮಲಮ್ಮ, ತಪ್ಪು ತಿಳ್ಕೋಬೇಡಿ. ನಾನು ನಮ್ಮನೆಗೆ ಅಂತ ಹೊರಟೆ. ಹೋದ್ರೆ ನಿಮ್ಮಕ್ಕನ ಮನೆ."

"ಬೆಳಿಗ್ಗೆ ಹೋಗಿದ್ರಲ್ಲ, ಅದೇ ಗುಂಗಲ್ಲಿ ಹೋಗಿರ್ತೀರಿ."

"ನಾನೂ ಹಾಗೇ ಅಂದ್ಕೊಂಡು, ಕ್ಷಮಿಸಿ ವನಜಮ್ಮ ಅಂದೆ. ಒಳಗಿಂದ ನಮ್ಮ ಪದ್ಮಾವತಿ ಸೌಟು ಹಿಡ್ಕೊಂಡು ಬಂದ್ಲು! ನೀವ್ಯಾಕೆ ಇಲ್ಲಿ ಅಡುಗೆ ಮಾಡ್ತಿದೀರಿ ಅಂತ ಕೇಳ್ದೆ."

"ಹೆಂಡತೀನ ನೀವು ಅಂದ್ರಾ?"

"ಬೇರೆಯವರ ಮನೆ ಬಾಗಿಲಲ್ಲಿ ನಿಂತು ಹೋಗೇ ಬಾರೇ ಅನ್ನಕ್ಕಾಗತ್ತೇನಮ್ಮಾ? ಒಳಗೆ ಬನ್ರೀ, ಅನ್ನ ಆರ್ತಿದೆ ಅಂತ ಅವಳು ಕೂಗಿದ್ಲು. ಕರೆಯದೆ ಊಟದ ಹೊತ್ತಲ್ಲಿ ಹೇಗೆ ನುಗ್ಗೋದು ಅಂತ ಸಂಕೋಚವಾಗಿ ಬಂದ್ಬಿಟ್ಟೆ." ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಅವರ ಹೊಟ್ಟೆ ಗುರ್ ಅಂದದ್ದು ನನಗೆ ಕೇಳಿಸಿತು.

ಅವರ ಹಿಂದೆಯೇ ಮುನಿಯಪ್ಪನ ಮಗ ಬಂದ. ತನ್ನ ಮನೆ ಅಂತ ಹೋದರೆ ಅದೂ ವನಜಮ್ಮನ ಮನೆ. ಆಮೇಲೆ ಹಾಲಿನವನು, ಅವನ ಹಿಂದೆ ಇನ್ನೂ ನಾಲ್ಕೈದು ಜನ. ಎಲ್ಲರೂ ಹೋಗಿದ್ದು ಬೇರೆ ಬೇರೆ ಬೀದಿಗೆ, ಎಲ್ಲರಿಗೂ ಸಿಕ್ಕಿದ್ದು ನಮ್ಮ ಅಕ್ಕನ ಮನೆ. ಇಮ್ತಿಯಾಜಿಗೆ ಫೋನು ಹಚ್ಚಿ ಹಚ್ಚಿ, ಎರಡು ಗಂಟೆ ಕಳೆದ ಮೇಲೆ ಪುಣ್ಯಕ್ಕೆ ಸಿಕ್ಕಿದ.

"ಹೊರಗಿನ ಹೆಸರು ಏನು ಕೊಟ್ರಿ ಅಮ್ಮಾ?"

"ಗುರುತು."

"ಎಲ್ಲದಕ್ಕೂ?"

"ಹೂಂ ಕಣಪ್ಪ, ಎಲ್ಲ ಗುರುತೇ ಅಲ್ವಾ?"

"ಅಮ್ಮಾ, ಒಂದರ ಮೇಲೆ ಒಂದು ಕೂತುಬಿಟ್ಟಿದಾವೆ. ಎರಡನೇದು ಬಂದಾಗ ಮೊದಲನೇದು ಅಳಿಸಿಹೋಯ್ತು, ಮೂರನೇದು ಬಂದಾಗ ಎರಡನೇದು. ಕೊನೆಗೆ ಉಳಿದಿದ್ದು ಇನ್ನೂರ ಹನ್ನೆರಡನೇದು ಒಂದೇ. ಅದನ್ನೇ ನೀವು ಇನ್ನೂರ ಹನ್ನೆರಡು ಸಲ ಅಚ್ಚು ಹಾಕಿದೀರಿ."

ಹೆಸರು ಒಂದೇ ಆದರೆ ಹಳೆಯದು ಯಾಕೆ ಸಾಯಬೇಕು? ಈ ಊರಿನಲ್ಲಿ ಆರು ಜನ ಪುಟ್ಟಮ್ಮಂದಿರಿದ್ದಾರೆ, ಆರೂ ಜನ ಗಟ್ಟಿಮುಟ್ಟಾಗಿದ್ದಾರೆ. ಹಾಗಂತ ಕೇಳಿದರೆ ಅವನು ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದ. ನನಗೆ ಅದು ಕೇಳಿಸುತ್ತಿರಲಿಲ್ಲ. ಊರಿನ ಬಾಗಿಲುಗಳೆಲ್ಲ ಇವತ್ತು ಅಕ್ಕನ ಬಾಗಿಲು, ನಾಳೆ ಬೆಳಗಾಗುವ ತನಕ ಒಂದನ್ನೂ ಮುಟ್ಟುವ ಹಾಗಿಲ್ಲ. ಮಂದಾ ಬಸ್ಸಿಳಿದು, ಇದೇ ಅಮ್ಮನ ಮನೆ ಅಂತ ಯಾವ ಬಾಗಿಲಿಗೋ ಹೋಗಿ ನಿಲ್ಲುತ್ತಾಳೆ. ಅಲ್ಲ ಅಂದರೆ ಇನ್ನೊಂದು ಬಾಗಿಲು, ಅದೂ ಅಲ್ಲ ಅಂದರೆ ಮತ್ತೊಂದು. ಏಳು ತಿಂಗಳ ಬಸುರಿ ಇನ್ನೂರ ಹನ್ನೆರಡು ಬಾಗಿಲು ತಟ್ಟಬೇಕು. ಅಕ್ಕ ಈ ಸಲವೂ ಬೇಕಂತಲೇ ಮಾಡ್ದೆ ಅಂತಾಳೆ. ಅನ್ನಲಿ ಬಿಡು, ಆ ಹುಡುಗಿಗೆ ಏನಾದರೂ ಆದರೆ?

ಗಡಿಯಾರ ನೋಡಿದರೆ ಐದಕ್ಕೆ ಹತ್ತು ನಿಮಿಷ. ಜನರನ್ನು ಬದಿಗೆ ಸರಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಯಾವತ್ತೂ ಅರ್ಧ ಗಂಟೆ ತಡವಾಗಿ ಬರುವುದು, ಅವತ್ತು ಬೇಗ ಬಂದು ಖಾಲಿಯಾಗಿ ನಿಂತಿತ್ತು. ಬಾಳೆಹಣ್ಣಿನ ಗಾಡಿಯವಳು, "ಕೆಂಪು ಚೀಲದ ಬಸುರಿ ಹುಡುಗಿ ತಾನೇ? ಆಗಲೇ ಹೋದ್ಲು. ಜೊತೆಗೆ ಯಾರನ್ನಾದ್ರೂ ಕಳಿಸ್ಲಾ ಅಂದೆ, ಅಮ್ಮ ಗುರುತು ಅಂಟಿಸಿದಾರೆ ಬಿಡಿ, ನಾನೇ ಹೋಗ್ತೀನಿ ಅಂತ ನಗ್ತಾ ಹೋದ್ಲು" ಅಂದಳು. ಆ ನಗು ಅನ್ನುವ ಮಾತು ಕೇಳಿ ನನಗೆ ಅಳು ಬಂತು.

ಹತ್ತಿರದ ಬೀದಿಗೆ ನುಗ್ಗಿದೆ. ಮೊದಲನೆಯ ಬಾಗಿಲಿಗೆ ಹೋದರೆ ಅಕ್ಕನ ಮನೆ. ಅದೇ ಸವೆದ ಹೊಸಿಲು, ಎಂಟು ವರ್ಷದಿಂದ ನಾನು ತುಳಿಯದ ಹೊಸಿಲು. ಎದೆ ಡವಗುಟ್ಟಿತು. ತಟ್ಟಿದರೆ ಹೊರಗೆ ಬಂದದ್ದು ಸೈಕಲ್ ಅಂಗಡಿಯವನು. ಎರಡನೆಯದೂ ಅಕ್ಕನ ಮನೆ, ಒಳಗಿದ್ದದ್ದು ಪುಟ್ಟಮ್ಮಂದಿರಲ್ಲಿ ಒಬ್ಬಳು. ಮೂರನೆಯದರಲ್ಲಿ ಗಂಡ ಜಗಲಿಯಲ್ಲಿ ನೆಂಟನ ಹಾಗೆ ಕೈಕಟ್ಟಿ ಕೂತಿದ್ದ, ಹೆಂಡತಿ ಅವನಿಗೆ ಕಾಫಿ ಉಪಚಾರ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಇಷ್ಟು ಮರ್ಯಾದೆಯಾಗಿ ಮಾತಾಡಿರಲಿಲ್ಲ ಕಮಲಮ್ಮ ಅಂದಳು. ಪ್ರತಿ ಸಲವೂ ಇದು ಅಲ್ಲ ಅಂತ ಗೊತ್ತಿದ್ದರೂ ನನ್ನ ಎದೆ ಹೊಸದಾಗಿ ಡವಗುಟ್ಟುತ್ತಿತ್ತು. ಹದಿನಾರೋ ಹದಿನೇಳೋ ಬಾಗಿಲು ಆದ ಮೇಲೆ ಹಗ್ಗದ ನೆನಪಾಯಿತು. ಅಯ್ಯೋ ಮಂಕೇ, ಹಗ್ಗ ಇದೆಯಲ್ಲ! ಅದು ಎಲ್ಲಿಗೆ ಹೋಗುತ್ತದೋ ಅದು ತಾನೇ ನಿಜವಾದ ಮನೆ? ನೋಡುವವರು ನೋಡಲಿ ಅಂತ ಸೆರಗು ಸಿಕ್ಕಿಸಿಕೊಂಡು ಪೇಟೆಗೆ ಓಡಿದೆ.

ಕಂಬದಲ್ಲಿ ಹಗ್ಗ ಇರಲಿಲ್ಲ. ಎಂಟು ವರ್ಷ ಉಜ್ಜಿ ಸವೆದ ಗೆರೆ ಮಾತ್ರ ಕಂಬದ ಸುತ್ತ ಹೊಳೆಯುತ್ತಿತ್ತು. ಪ್ರೆಸ್ಸಿನ ಮೆಟ್ಟಿಲ ಮೇಲೆ ಮೇಷ್ಟ್ರು ಯಾರೋ ಕೊಟ್ಟ ಬಾಳೆಹಣ್ಣು ತಿನ್ನುತ್ತ ಕೂತಿದ್ದರು.

"ನಾನೇ ಬಿಚ್ಚಿದೆ ಕಣಮ್ಮ. ಬೆಳಿಗ್ಗೆ ನಿಮ್ಮಕ್ಕ ಹೇಳಿದ್ರು. ಆ ತುದಿಯಿಂದ ಅವರೇ ಎಳ್ಕೊಂಡ್ರು. ಬಸುರಿ ದಾಟಬಾರದಲ್ಲ."

ಆ ಹಗ್ಗಕ್ಕೆ ಕೈ ಹಾಕಲು ನನಗೆ ಎಂಟು ವರ್ಷ ಟೈಮ್ ಇತ್ತು. ಹಾಕಲು ಹೊರಟ ದಿನ ಅದು ಇಲ್ಲ. ಕಂಬವನ್ನು ಹಿಡಿದುಕೊಂಡು ಪೇಟೆಯ ಮಧ್ಯೆ ಗಳಗಳ ಅತ್ತೆ. ಮೇಷ್ಟ್ರು ಪಾಪ, ಬಾಳೆಹಣ್ಣಿನ ಸಿಪ್ಪೆ ಕೈಲಿ ಹಿಡಿದುಕೊಂಡು, "ಮನೆಗೆ ಹೋಗಿ ಒಂದು ಲೋಟ ನೀರು ಕುಡೀರಿ. ಮುಖ ನೋಡಕ್ಕಾಗ್ತಿಲ್ಲ" ಅಂದರು. ಆಮೇಲೆ ಅವರಿಗೇ ನೆನಪಾಗಿ, "ಸಿಕ್ಕಿದ್ರೆ" ಅಂತ ಸೇರಿಸಿದರು.

ಬಾಯಿ ನಿಜವಾಗಿಯೂ ಒಣಗಿತ್ತು. ನೀರು ಕುಡಿದು ಮತ್ತೆ ಹುಡುಕಲು ಹೊರಡೋಣ ಅಂತ ಮನೆಯ ಕಡೆ ನಡೆದೆ. ಯಾವ ಬೀದಿ ಹಿಡಿದೆ, ಎಲ್ಲಿ ತಿರುಗಿದೆ, ಗಮನವೇ ಇಲ್ಲ. ಕಾಲು ನಿಂತಾಗ ಎದುರಿಗಿದ್ದದ್ದು ಅಕ್ಕನ ಮನೆ. ಇರಲೇಬೇಕಲ್ಲ, ನನ್ನ ಬಾಗಿಲ ಮೇಲೂ ಅವಳ ಗುರುತನ್ನೇ ತಾನೇ ನಾನು ಅಂಟಿಸಿದ್ದು? ನನ್ನ ಮನೆಯೇ ಇದು, ಅವಳದರ ಹಾಗೆ ಕಾಣುತ್ತಿದೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ. ಬಾಗಿಲಿಗೆ ಬೀಗ ಇರಲಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಮರೆತಿದ್ದೇನೆ ಅಂದುಕೊಂಡೆ. ಚಪ್ಪಲಿ ಬಿಟ್ಟು, ನಡುಮನೆ ದಾಟಿ, ಸೀದಾ ಅಡುಗೆಮನೆಗೆ ಹೋದೆ. ನನ್ನ ನೀರಿನ ಬಿಂದಿಗೆ ಬಾಗಿಲ ಬಲಗಡೆ ಇರುತ್ತದೆ. ನೋಡದೆಯೇ ಕೈ ಚಾಚಿದೆ. ಬರೀ ಗೋಡೆ ಸಿಕ್ಕಿತು.

"ಎಡಕ್ಕೆ" ಅಂತ ಯಾರೋ ಅಂದರು.

ಅಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಹಗ್ಗದ ದೊಡ್ಡ ಸಿಂಬಿ. ನಾನು ಎಡಕ್ಕೆ ತಿರುಗಿ ನೀರು ಬಗ್ಗಿಸಿಕೊಂಡು ಕುಡಿದೆ. ಕುಡಿದ ಮೇಲೆಯೇ ನನಗೆ ಬಾಯಿ ಬಂದದ್ದು.

"ಮಂದಾ?"

"ಮಲಗಿದಾಳೆ. ಬಂದು ಅರ್ಧ ಗಂಟೆ ಆಯ್ತು. ಸೀದಾ ಬಂದ್ಲಂತೆ, ಎಲ್ಲೂ ನಿಲ್ಲಲಿಲ್ಲವಂತೆ." ನಡುಮನೆಯತ್ತ ನೋಡಿದೆ. ಗೋಡೆಗೆ ಒರಗಿಸಿದ ಕೆಂಪು ಚೀಲ ಅಲ್ಲೇ ಇತ್ತು. ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಅಕ್ಕ, ತಪ್ಪಾಗೋಗಿದೆ. ಊರಿಗೆಲ್ಲ ನಿನ್ನ ಗುರುತೇ ಬಿದ್ದಿದೆ. ಒಂದೇ ಹೆಸರು ಕೊಟ್ಟೆ, ಒಂದರ ಮೇಲೆ ಒಂದು ಕೂತ್ಕೊಂಡು... ಅದೇನೋ ನನಗೆ ಹೇಳಕ್ಕೂ ಬರ್ತಿಲ್ಲ. ಬೇಕಂತ ಮಾಡಿದ್ದಲ್ಲ ಅಕ್ಕ. ಆವತ್ತೂ ಬೇಕಂತ ಮಾಡಿರಲಿಲ್ಲ. ನಿನ್ನದೊಂದು ದಾರ ಕಟ್ಟೋದು ಉಳಿದಿತ್ತು. ಅಪ್ಪ ನೀರು ಕೇಳಿದ್ರು, ಎದ್ದು ಹೋದೆ."

ಅಕ್ಕ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. "ಅಪ್ಪ ಕೊನೇಗೆ ನೀರು ಕುಡಿದ್ರಾ?"

"ಎರಡು ಗುಟುಕು."

ಇದನ್ನು ಎಂಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮೂಗು ಎಳೆದುಕೊಂಡು ಮಾತಾಡಿದಳು.

"ಮಧ್ಯಾಹ್ನದಿಂದ ಹನ್ನೊಂದು ಜನ ಬಂದ್ರು ಕಣೇ. ಯಾರೂ ನನ್ನ ನೋಡಕ್ಕೆ ಅಂತ ಬಂದವರಲ್ಲ, ಎಲ್ಲ ಅವರವರ ಮನೆ ಅಂತ ಬಂದವರು. ಬಂದವರು ಹೇಗೂ ಬಂದ್ರಲ್ಲ, ಕೂತು ಮಾತಾಡಿ ಹೋದ್ರು. ಬೆಳಿಗ್ಗೆ ಮಾಡಿದ ಪಾಯಸ ಎಲ್ಲ ಖಾಲಿ." ನನ್ನ ಮುಖವನ್ನೇ ನೋಡಿದಳು. "ನೀನು ಯಾರ ಮನೆ ಅಂತ ಬಂದೆ?"

ನಿನ್ನ ಮನೆ ಅಂತಲೇ ಬಂದೆ ಅನ್ನಬಹುದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನ ಮನೆ ಅಂದ್ಕೊಂಡೆ" ಅಂದೆ.

"ಮತ್ತೆ ನೆಂಟರ ಹಾಗೆ ಕೂತಿದೀಯಲ್ಲ, ಸೊಪ್ಪು ಬಿಡಿಸು" ಅಂತ ಅಕ್ಕ ಅರ್ಧ ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು.

ಮಾರನೆಯ ದಿನ ಅದರದ್ದು ಅದಕ್ಕೆ ಹೆಸರು ಕೊಟ್ಟು ಇನ್ನೂರ ಹನ್ನೊಂದು ಹಾಳೆ ಹೊಸದಾಗಿ ಅಚ್ಚು ಹಾಕಿದೆ. ಊರೆಲ್ಲ ಬಯ್ಯುತ್ತಲೇ ಬಂದು ತೆಗೆದುಕೊಂಡು ಹೋಯಿತು. ಮೇಷ್ಟ್ರು ಮನೆ ಸೇರಿ ಹೆಂಡತಿಯನ್ನು ಮತ್ತೆ ಹೋಗೇ ಬಾರೇ ಅನ್ನಲು ಶುರುಮಾಡಿದರು, ಪದ್ಮಾವತಮ್ಮನಿಗೆ ಅದೇ ಬೇಜಾರು. ನನ್ನ ಮನೆಯ ಸುರುಳಿ ಮಾತ್ರ ದಾರ ಬಿಚ್ಚದೆ ಪ್ರೆಸ್ಸಿನ ಡ್ರಾಯರಿನಲ್ಲಿದೆ, ನನ್ನ ಬಾಗಿಲ ಮೇಲೆ ಅಕ್ಕನ ಗುರುತನ್ನೇ ಉಳಿಸಿಕೊಂಡೆ. ನರ್ಸಮ್ಮ ಗೊಂದಲ ಮಾಡಿಕೊಳ್ಳಬಾರದು ಅಂತ ತಿಂಗಳು ತುಂಬುವ ಮೊದಲೇ ಅವಳನ್ನು ಕೈ ಹಿಡಿದು ಕರೆತಂದು ಅಕ್ಕನ ಮನೆಯಲ್ಲೇ ಇರಿಸಿಕೊಂಡೆವು. ಮಂದಾಗೆ ಹೆಣ್ಣು ಮಗು, ಕಿವಿ ಥೇಟ್ ನಮ್ಮಪ್ಪನದೇ.

ಈಗ ಸಂಜೆ ಪ್ರೆಸ್ ಬಾಗಿಲು ಹಾಕಿ ಹೊರಟರೆ ಕಾಲು ಒಂದೊಂದು ದಿನ ಒಂದೊಂದು ಕಡೆ ಹೋಗುತ್ತದೆ. ಹೊರಗೆ ನಿಂತು ನೋಡಿದರೆ ನನ್ನ ಮನೆಯೋ ಅಕ್ಕನ ಮನೆಯೋ ಗೊತ್ತಾಗುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ನೀರಿಗೆ ಕೈ ಚಾಚುತ್ತೇನೆ. ಬಿಂದಿಗೆ ಬಲಕ್ಕೆ ಸಿಕ್ಕಿದರೆ ಕುಡಿದು, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಹೊರಡುತ್ತೇನೆ.